ಪಾಸ್‌ಪೋರ್ಟ್ ಕಂಪನಿಯಲ್ಲಿದೆ

ನನ್ನ ಅಕ್ಕನಿಗೆ ನಾನು ಹೇಳಿದ ಅತಿ ದೊಡ್ಡ ಸುಳ್ಳು ಮೂರೇ ಶಬ್ದದ್ದು. “ಪಾಸ್‌ಪೋರ್ಟ್ ಕಂಪನ್ಯಾಗ ಐತಿ.” ಹಾಗೆ ಹೇಳುವಾಗ ನನ್ನ ಪಾಸ್‌ಪೋರ್ಟ್ ದೋಹಾದ ಅಲ್ ಅಜೀಜಿಯಾದ ನಮ್ಮ ಮನೆಯ ಊಟದ ಮೇಜಿನ ಮೇಲೆ, ನನ್ನ ಮೊಣಕೈ ಪಕ್ಕದಲ್ಲೇ ಬಿದ್ದಿತ್ತು. ಯುರೋಪಿನ ವೀಸಾ ಅಂಟಿಸಿಕೊಂಡು ಅವತ್ತೇ ಮಧ್ಯಾಹ್ನ ವಾಪಸ್ ಬಂದಿತ್ತು. ಅದರ ಮೇಲೆ ನಮ್ಮನೆಯವರು ತಮ್ಮ ಚಾಳೀಸು ಕನ್ನಡಕ ಬಿಚ್ಚಿಟ್ಟಿದ್ದರು.

ಅಕ್ಕ ಫೋನ್ ಮಾಡಿದ್ದು ಬಾಗಲಕೋಟೆಯಿಂದ. ಹೊಟ್ಟೆಯೊಳಗೆ ಗಡ್ಡೆ ಇದೆಯಂತೆ, ತೆಗೆದು ನೋಡೋವರೆಗೂ ಎಂಥದ್ದು ಅಂತ ಹೇಳೋಕಾಗಲ್ಲವಂತೆ, ತಡ ಮಾಡಬೇಡಿ ಅಂದರಂತೆ ಡಾಕ್ಟರು. ಮುಂದಿನ ವಾರದ ಗುರುವಾರ ಹುಬ್ಬಳ್ಳಿಯಲ್ಲಿ ಆಪರೇಷನ್. ಅಕ್ಕ ಯಾವತ್ತೂ ಏನೂ ಕೇಳಿದವಳಲ್ಲ. ಅವತ್ತು ಕೇಳಿದಳು. “ತಂಗಿ, ನೀ ಒಂದ್ ನಾಕ್ ದಿನ ಬರ್ತೀಯೇನ? ಏನೂ ಮಾಡೂದು ಬ್ಯಾಡ. ಒಳಗ ಕರಕೊಂಡು ಹೋಗುವಾಗ ಬಾಗಲದಾಗ ನಿಂತರ ಸಾಕು.”

ಅವ್ವ ತೀರಿಕೊಂಡಾಗ ನನಗೆ ಏಳು ವರ್ಷ, ಅಕ್ಕನಿಗೆ ಹದಿನಾರು. ನನ್ನ ಜಡೆ ಹೆಣೆದವಳು, ನನ್ನನ್ನು ಕಾಲೇಜಿಗೆ ಕಳಿಸಲೇಬೇಕು ಅಂತ ಅಪ್ಪನ ಜೊತೆ ಜಗಳಾಡಿದವಳು, ನನ್ನ ಎರಡೂ ಬಾಣಂತನ ಮಾಡಿದವಳು ಅವಳೇ. ಇಂಥವಳಿಗೆ ನಾನು ಹೇಳಬಹುದಾಗಿದ್ದ ಮಾತು ಸಲೀಸಾಗಿತ್ತು. “ಅಕ್ಕಾ, ಇಪ್ಪತ್ತೈದು ವರ್ಷದ ಮದುವಿ ನೆನಪಿಗೆ ನಾವಿಬ್ಬರೂ ಯುರೋಪಿಗೆ ಹೊಂಟೇವಿ, ರೋಮ್ ನೋಡಿ ಹಡಗು ಹತ್ತತೇವಿ, ಟಿಕೆಟ್ ಆಗ್ಯಾವ.” ಅಂದಿದ್ದರೆ ಅವಳು “ಅಯ್ಯ ಹುಚ್ಚಿ, ಹೋಗಿ ಬಾ” ಅಂತಲೇ ಅನ್ನುತ್ತಿದ್ದಳು. ಅದೇ ನನಗೆ ಬೇಡವಾಗಿತ್ತು. ಅವಳು ಹೋಗು ಅಂದಮೇಲೆ ಹೋಗೋದು ಇನ್ನೂ ಕಷ್ಟ. ಮತ್ತೆ ನನಗೆ ಹೋಗಬೇಕಾಗಿತ್ತು. ಇಷ್ಟು ಉದ್ದ ಯಾಕೆ ಎಳೀಲಿ, ನನಗೆ ಹೋಗಬೇಕಾಗಿತ್ತು, ಅಷ್ಟೇ.

ಈ ಸುಳ್ಳು ಬಾಯಿಗೆ ಅಷ್ಟು ಸರಾಗ ಬಂದದ್ದಕ್ಕೂ ಕಾರಣವಿದೆ. ಗಲ್ಫಿನಲ್ಲಿರುವವರ ಮನೆಯವರು ಯಾವ ನೆಪವನ್ನಾದರೂ ಕೆದಕಿ ಕೇಳುತ್ತಾರೆ, ಇದೊಂದನ್ನು ಕೇಳೋದಿಲ್ಲ. ನಾವು ಹೊಸದಾಗಿ ಬಂದ ಕಾಲದಲ್ಲಿ ಪಾಸ್‌ಪೋರ್ಟ್ ನಿಜವಾಗಿಯೂ ಕಂಪನಿಯ ತಿಜೋರಿಯಲ್ಲಿರುತ್ತಿತ್ತು. ನಮ್ಮ ಮಾವನವರು ತೀರಿಕೊಂಡಾಗ ಈದ್ ರಜೆ. ತಿಜೋರಿಯ ಕೀಲಿ ಇಟ್ಟುಕೊಂಡಿದ್ದ ಮನುಷ್ಯ ಊರಿಗೆ ಹೋಗಿಬಿಟ್ಟಿದ್ದ. ಇವರು ಆಫೀಸಿನ ಮುಚ್ಚಿದ ಬಾಗಿಲ ಮುಂದೆ ಎರಡು ದಿನ ಕೂತರು. ಊರು ಮುಟ್ಟಿದ್ದು ನಾಲ್ಕನೇ ದಿನ. ಹೆತ್ತ ತಂದೆಯ ಮಣ್ಣಿಗೆ ಸಿಗಲಿಲ್ಲ. ಆ ಕಥೆ ನಮ್ಮ ಎರಡೂ ಮನೆತನದಲ್ಲಿ ಎಲ್ಲರಿಗೂ ಬಾಯಿಪಾಠ. ಹಾಗಾಗಿ ನಾನು ಪಾಸ್‌ಪೋರ್ಟ್ ಕಂಪನಿಯಲ್ಲಿದೆ ಅಂದ ಕೂಡಲೇ ಅಕ್ಕ ಮರುಮಾತಾಡಲಿಲ್ಲ. “ಹೌದೇನವಾ” ಅಂದಳು. “ಆ ಭಾಡ್ಯಾಗೋಳಿಗೆ ಒಂದಿನ ಇಂಥಾದ್ದ ಬರಬೇಕು, ಅವಾಗ ತಿಳೀತೈತಿ” ಅಂತ ಕಂಪನಿಯವರಿಗೆ ಶಾಪ ಹಾಕಿದಳು.

ಈಗ ಕಾಲ ಬದಲಾಗಿದೆ. ಪಾಸ್‌ಪೋರ್ಟು ನಮ್ಮ ನಮ್ಮ ಕಪಾಟಿನಲ್ಲೇ ಇರುತ್ತದೆ. ನಾನು ಕೆಲಸ ಮಾಡೋದು ದೋಹಾ ಪಕ್ಕದ ಲುಸೈಲಿನ ಒಂದು ಆಫೀಸಿನ ಎಚ್‌ಆರ್ ವಿಭಾಗದಲ್ಲಿ. ಹೊಸದಾಗಿ ಬಂದವರ ಪಾಸ್‌ಪೋರ್ಟ್ ವಾಸದ ಪರವಾನಗಿ ಮಾಡಿಸೋಕೆ ತಗೊಂಡರೆ, ಕೆಲಸ ಮುಗಿದ ದಿನವೇ ಕರೆದು, ಕೈಗೆ ಕೊಟ್ಟು, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳೋದು ನನ್ನ ಜವಾಬ್ದಾರಿ. ಅಂದರೆ ಅಕ್ಕ ಶಾಪ ಹಾಕಿದ ಆ ಕಂಪನಿಯವಳು ನಾನೇ. ಮಾಡದ ತಪ್ಪನ್ನು ಕಂಪನಿಯ ತಲೆಗೆ ಕಟ್ಟಿ ಫೋನಿಟ್ಟೆ. ಇವರು ತಟ್ಟೆಯಿಂದ ತಲೆ ಎತ್ತಿ ನನ್ನನ್ನು ನೋಡಿದರು, ಚಾಳೀಸು ತಗೊಂಡು ಒಳಗೆ ಹೋದರು.

ಶನಿವಾರ ಹೊರಟೆವು. ರೋಮಿನಲ್ಲಿ ಎರಡು ದಿನ. ಬಿಸಿಲೋ ಬಿಸಿಲು, ದೋಹಾದಿಂದ ಬಂದವರು ನಾವೇ ಬೆವರೊರೆಸಿಕೊಂಡೆವು. ಆ ದೊಡ್ಡ ಮುರುಕು ಕ್ರೀಡಾಂಗಣದ ಮುಂದೆ ಎಲ್ಲರೂ ಬಾಯಿ ತೆಗೆದು ನಿಂತಿದ್ದರೆ ನಾನು ನೆರಳಿನಲ್ಲಿ ಕೂತು ಅಕ್ಕನ ಮಗನಿಗೆ, ರಿಪೋರ್ಟ್ ಬಂತಾ, ರಕ್ತ ಯಾರು ಕೊಡ್ತಾರೆ, ಅಂತ ಮೆಸೇಜ್ ಹೊಡೀತಾ ಇದ್ದೆ. ಅಕ್ಕನಿಗೆ ಅವನೊಬ್ಬನೇ ಮಗ. ಭಾವ ಹೋದ ಮೇಲೆ ತಾಯಿ ಮಗ ಇಬ್ಬರೇ. “ಚಿಗವ್ವ, ನೀವು ಚಿಂತಿ ಮಾಡಬ್ಯಾಡ್ರಿ, ಅಲ್ಲಿ ಕೂತು ನೀವರ ಏನ್ ಮಾಡ್ತೀರಿ” ಅಂತ ಬರೆದ. ಆ ‘ಅಲ್ಲಿ’ ಅನ್ನೋದನ್ನು ಓದಿ ನನ್ನ ಕಿವಿ ಬಿಸಿಯಾದವು. ಕಾರಂಜಿ ಹತ್ತಿರ ಜನ ನಾಣ್ಯ ಎಸೆದು ಏನೇನೋ ಬೇಡಿಕೊಳ್ಳುತ್ತಿದ್ದರು. ನಾನೂ ಎಸೆದೆ. ಏನು ಬೇಡಿಕೊಂಡೆ ಅಂದರೆ, ದೇವರೇ, ಇದು ಅಕ್ಕನಿಗೆ ಗೊತ್ತಾಗದೇ ಇರಲಿ ಅಂತ! ಅವಳಿಗೆ ಗುಣವಾಗಲಿ ಅಂತ ಬೇಡಿಕೊಳ್ಳಬೇಕಿತ್ತಲ್ಲ ಅಂತ ನೆನಪಾಗಿದ್ದು ಬಸ್ಸು ಹತ್ತಿದ ಮೇಲೆ. ನನ್ನ ಹಣೆಬರಹಕ್ಕಿಷ್ಟು ಬೆಂಕಿ ಹಾಕ.

ಮಂಗಳವಾರ ಹಡಗು ಹತ್ತಿದೆವು. ಅದರ ವರ್ಣನೆ ನನ್ನಿಂದ ಆಗದು. ನಮ್ಮೂರಿನ ಪೇಟೆಯನ್ನು ಎತ್ತಿ ನೀರಿನ ಮೇಲಿಟ್ಟ ಹಾಗಿತ್ತು. ಹದಿನಾರು ಮಾಳಿಗೆ, ಎಲ್ಲಿ ನೋಡಿದರೂ ತಿನ್ನೋದು. ಬೆಳಿಗ್ಗೆ ತಿಂದ ತಟ್ಟೆ ಒಣಗೋದರೊಳಗೆ ಮಧ್ಯಾಹ್ನದ್ದು. ನಮ್ಮಂಥ ಶಾಕಾಹಾರಿಗಳಿಗೆ ಬೇಯಿಸಿದ ತರಕಾರಿ, ಬ್ರೆಡ್ಡು. ನಾನು ಡಬ್ಬಿಯಲ್ಲಿ ತಂದಿದ್ದ ಶೇಂಗಾ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಒತ್ತಿಕೊಂಡು ತಿಂದೆ. ಕುಟ್ಟಿ ಕಳಿಸಿದವಳು ಅಕ್ಕ. ಮೂರನೇ ತುತ್ತಿಗೆ ಡಬ್ಬಿ ಮುಚ್ಚಿಟ್ಟೆ.

ಬುಧವಾರ ಸಂಜೆ ನೇಪಲ್ಸ್ ಬಂದರಿನಲ್ಲಿದ್ದಾಗ ಅಕ್ಕ ವಿಡಿಯೋ ಕಾಲ್ ಮಾಡಿದಳು. ಆಸ್ಪತ್ರೆಗೆ ಸೇರಿಸಿಕೊಂಡಿದ್ದರು. ನಾನು ನಮ್ಮ ಕೋಣೆಯಲ್ಲಿ ಕಿಟಕಿಗೆ ಬೆನ್ನು ಮಾಡದೆ, ಪರದೆ ಎಳೆದು, ಖಾಲಿ ಗೋಡೆ ಕಾಣುವ ಹಾಗೆ ಕೂತೆ. ಮುಖಕ್ಕೆ ಹಚ್ಚಿದ್ದ ಬಿಸಿಲಿನ ಕ್ರೀಮು ಒರೆಸಿಕೊಂಡೆ. ಎಷ್ಟು ಹುಷಾರಿ ನೋಡಿ! ಅಕ್ಕ ಹಸಿರು ಅಂಗಿಯಲ್ಲಿ ಸಣ್ಣ ಹುಡುಗಿಯಂತೆ ಕಂಡಳು. ಬಂಗಾರದ ಬಳೆ ತೆಗೆಸಿದ್ದರು. “ಕೈ ಬರೇದಾಗೇತಿ ನೋಡು” ಅಂತ ತೋರಿಸಿ ನಕ್ಕಳು. ನಾನು ಏನೋ ಹೇಳೋಕೆ ಬಾಯಿ ತೆಗೆಯೋದೂ, ಹಡಗು ಹೊರಡುವ ಹಾರ್ನ್ ಹೊಡೆಯೋದೂ ಒಂದೇ ಆಯಿತು. ಗೋಡೆ ನಡುಗಿತು.

“ಯವ್ವಾ, ಏನದು ಸಪ್ಪಳ?”

“ಬಾಜೂಕ ಬಿಲ್ಡಿಂಗ್ ಕಟ್ಟಾಕತ್ತಾರ ಅಕ್ಕ. ಲಾರಿ.”

“ಎಂಥಾ ಲಾರಿನೋ ಏನೋ. ನಿದ್ದಿ ಹೆಂಗ ಮಾಡ್ತೀರಿ ನೀವು” ಅಂತ ಅವಳು ನನಗೇ ಕನಿಕರ ಪಟ್ಟಳು. ಅಷ್ಟರಲ್ಲಿ ಹಡಗು ದಡ ಬಿಟ್ಟಿತು, ಚಿತ್ರ ನಿಂತುಹೋಯಿತು.

ಗುರುವಾರ ಇಡೀ ದಿನ ಸಮುದ್ರ. ಫೋನಿಗೆ ಸಿಗ್ನಲ್ಲಿಲ್ಲ. ಹಡಗಿನವರ ಇಂಟರ್ನೆಟ್ ಇತ್ತು, ನಾವು ತಗೊಂಡಿರಲಿಲ್ಲ. “ಇವತ್ತರ ತಗೋ” ಅಂದರು ಇವರು. ಕೌಂಟರಿನ ಸಾಲಿನಲ್ಲಿ ನಿಂತೆ. ನನ್ನ ಮುಂದೆ ಇಬ್ಬರಷ್ಟೇ ಇದ್ದರು. ಆಗ ಅನಿಸಿತು, ಈಗ ಕೆಟ್ಟ ಸುದ್ದಿ ಬಂದರೆ? ಈ ನೀರಿನ ನಡುವೆ ನಿಂತು ಏನು ಮಾಡಲಿ? ಗೊತ್ತಾಗದಿದ್ದರೆ ನಾಳೆವರೆಗಾದರೂ ಅಕ್ಕ ಚೆನ್ನಾಗಿರುತ್ತಾಳಲ್ಲ. ಸಾಲು ಬಿಟ್ಟು ಬಂದು, ತುಂಬ ರಶ್ ಇದೆ ಅಂತ ಇವರಿಗೂ ಸುಳ್ಳು ಹೇಳಿದೆ. ಒಂದು ಸುಳ್ಳು ಕಲಿತ ಬಾಯಿಗೆ ಎರಡನೆಯದು ಏನು ಭಾರ. ಅವತ್ತು ಇಡೀ ದಿನ ಡೆಕ್ಕಿನ ಮೇಲೆ ಕೂತೆ. ಸುತ್ತಲೂ ನೀಲಿ ನೀರು, ಜನ ಕುಣಿಯುತ್ತಿದ್ದರು, ನಾನು ಹುಬ್ಬಳ್ಳಿಯ ಗಡಿಯಾರ ಲೆಕ್ಕ ಹಾಕುತ್ತಿದ್ದೆ. ಈಗ ಒಳಗೆ ಕರಕೊಂಡು ಹೋಗಿರುತ್ತಾರೆ. ಈಗ ಬಾಗಿಲಲ್ಲಿ ನಾನು ನಿಂತಿಲ್ಲ.

ಶುಕ್ರವಾರ ಬಾರ್ಸಿಲೋನಾ. ಆ ಊರಲ್ಲಿ ನೂರು ವರ್ಷಕ್ಕೂ ಮೇಲಿನಿಂದ ಕಟ್ಟುತ್ತಲೇ ಇರುವ ಚರ್ಚಿದೆಯಲ್ಲ, ಅದರ ಎದುರು ಬಸ್ಸಿನಿಂದ ಇಳಿದೆವು. ಇವರು ಕಟ್ಟಡದ ಕೆಲಸದವರು. ಕ್ರೇನ್ ನೋಡಿದ್ದೇ “ನಮ್ಮ ಲುಸೈಲ್ ಸೈಟಿನ್ಯಾಗ ಹಿಂಗ ತಡಾ ಮಾಡಿದ್ರ ನಮ್ಮನ್ನ ಖಲಾಸ್ ಮಾಡಿ ಮನಿಗೆ ಕಳಸ್ತಿದ್ರು” ಅಂದು ನಕ್ಕರು. ಅದೇ ಹೊತ್ತಿಗೆ ನನ್ನ ಫೋನು ಒಂದೇ ಸಮ ಗುಂಯ್ಗುಟ್ಟಿತು. ಮೊದಲು ಅಕ್ಕನ ಮಗನದ್ದು. ಆಪರೇಷನ್ ಆಯಿತು, ಗಡ್ಡೆ ತೆಗೆದರು, ನೋಡಿದರೆ ಕೆಟ್ಟದ್ದೇನೂ ಅನಿಸಲ್ಲ ಅಂದರು, ಅವ್ವ ಹುಷಾರಾಗಿದ್ದಾಳೆ. ಅಲ್ಲೇ ಫುಟ್‌ಪಾತಿನ ಮೇಲೆ ಕೂತೆ. ಅದರ ಕೆಳಗೆ ಅಕ್ಕನ ಧ್ವನಿ. ಒಳಗೆ ಕರೆದೊಯ್ಯುವ ಮುಂಚೆ ಕಳಿಸಿದ್ದು.

“ತಂಗಿ, ನಿನ್ನ ಫೋನ್ ಹತ್ತವಲ್ದು. ನನ್ನ ಸಲುವಾಗಿ ಕಂಪನಿಯವರ ಕೂಡ ಜಗಳ ಗಿಗಳ ಮಾಡೀಯೇನ ಮತ್ತ? ಮಾಡಬ್ಯಾಡ. ಅನ್ನದ ಪ್ರಶ್ನಿ. ನೀ ಅಳಕೋತ ಕುಂದ್ರಬ್ಯಾಡ, ಉಣ್ಣು. ನಾ ಆರಾಮ ಬರ್ತೀನಿ.”

ಕೈಯಲ್ಲಿ ಆಗತಾನೆ ಕೊಂಡ ಐಸ್‌ಕ್ರೀಮ್ ಇತ್ತು. ಅದು ಕರಗಿ ಮೊಣಕೈವರೆಗೂ ಇಳಿಯಿತು, ನನಗೆ ಒರೆಸಿಕೊಳ್ಳೋದೂ ತಿಳಿಯಲಿಲ್ಲ. ಇವರೂ ಧ್ವನಿ ಕೇಳಿದ್ದರು. ಪಕ್ಕದಲ್ಲಿ ಕೂತು ಹೇಳಿದರು. “ನಮ್ಮ ಅಪ್ಪನ ಸಾವು ಅದು. ಅದನ್ನ ತಗೊಂಡು ಸುಳ್ಳ ಹೇಳ್ದೀ ನೀ. ನಾನೂ ಸುಮ್ಮ ಕುಂತೆ.” ಬೈಗುಳದ ದನಿಯಲ್ಲ. ಅದಕ್ಕೇ ಇನ್ನೂ ನೋವಾಯಿತು. ಚರ್ಚಿನ ಒಳಗೆ ಹೋದೆವು, ಬಣ್ಣಬಣ್ಣದ ಬೆಳಕು ಬಿದ್ದಿತ್ತು, ಚಂದ ಇತ್ತು. ಚಂದ ಇತ್ತು ಅಂತ ಹೇಳೋಕೂ ನಾಚಿಕೆಯಾಗುತ್ತದೆ.

ದೋಹಾಕ್ಕೆ ಬಂದ ಮೇಲೆ ನಾನು ಒಂದು ಫೋಟೋವನ್ನೂ ಎಲ್ಲೂ ಹಾಕಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅಂತಾರಲ್ಲ, ಊರಿನ ಯಾರ ಫೋನ್ ಬಂದರೂ ಎದೆ ಧಸಕ್ಕೆನ್ನುತ್ತಿತ್ತು. ಅಕ್ಕ ಚೇತರಿಸಿಕೊಂಡಳು, ಗಡ್ಡೆಯ ವರದಿಯೂ ಒಳ್ಳೆಯದೇ ಬಂತು. ಹೊರಗಿನಿಂದ ನೋಡಿದರೆ ಕಥೆ ಸುಖವಾಗಿ ಮುಗಿದಿತ್ತು. ಆದರೆ ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳಂತೆ. “ನನ್ನ ತಂಗಿ ಬರಾಕ ಜೀವಾ ಬಿಡಾಕತ್ತಿದ್ಲು, ಆ ಕಂಪನಿಯವರು ಬಿಡ್ಲಿಲ್ಲ.”

ಚಳಿಗಾಲದಲ್ಲಿ ಅಕ್ಕನ ಮಗನಿಗೆ ಇಲ್ಲಿ ಕೆಲಸ ಸಿಕ್ಕಿತು. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದ ಹುಡುಗ, ಊರಲ್ಲಿ ಮೂರು ಕಡೆ ತಾತ್ಕಾಲಿಕವಾಗಿ ದುಡಿದು ಸಾಕಾಗಿದ್ದ. ಇವರೇ ಹೇಳಿ ಲುಸೈಲಿನ ಒಂದು ಮೆಂಟೆನೆನ್ಸ್ ಕಂಪನಿಯಲ್ಲಿ ಆನ್‌ಲೈನ್ ಇಂಟರ್‌ವ್ಯೂ ಮಾಡಿಸಿದ್ದರು. ಆಫರ್ ಪತ್ರ ಬಂತು, ಭಾನುವಾರದೊಳಗೆ ಒಪ್ಪಿಗೆ ಕಳಿಸಬೇಕು. ಶುಕ್ರವಾರ ಬೆಳಿಗ್ಗೆ ಹುಡುಗ ಫೋನ್ ಮಾಡಿದ. ದನಿ ಗದ್ಗದ. “ಚಿಗವ್ವ, ಅವ್ವ ಸುತರಾಂ ಬ್ಯಾಡ ಅನ್ನಾಕತ್ಯಾಳ. ಪಾಸ್‌ಪೋರ್ಟ್ ಕಸಗೋತಾರ, ನಾ ಸತ್ತರೂ ನೀ ಬರಾಕ ಆಗಂಗಿಲ್ಲ, ನಿನ್ನ ಚಿಗವ್ವಗ ಏನಾತು ನೋಡಿದಿಲ್ಲೋ, ಅಂತಾಳ. ನೀವಽ ಹೇಳ್ರಿ.”

ಮಾಡಿದ್ದುಣ್ಣೋ ಮಹಾರಾಯ. ಇವರು ಚಹಾ ಕುಡಿಯುತ್ತ ಎದುರಿಗೇ ಕೂತಿದ್ದರು. “ಈಗ ಹೇಳಬೇಕು ನೀ” ಅಂದರು. ನಾನು ಒಗ್ಗರಣೆಗೆ ಎಣ್ಣೆ ಇಟ್ಟಿದ್ದ ಒಲೆ ಆರಿಸಿ, ಅಡಿಗೆಮನೆಯಲ್ಲೇ ನಿಂತು ಅಕ್ಕನಿಗೆ ಫೋನ್ ಹಚ್ಚಿದೆ. ಪೂರ್ತಿ ಹೇಳುವ ಧೈರ್ಯ ಆಗಲೂ ಇರಲಿಲ್ಲ. ನಡುದಾರಿ ಹಿಡಿದೆ.

“ಅಕ್ಕಾ, ಈಗ ಹಂಗಿಲ್ಲ. ಕಾನೂನು ಬದಲಾಗೈತಿ. ಪಾಸ್‌ಪೋರ್ಟ್ ಅವನ ಕೈಯಾಗ ಇರತೈತಿ. ಕಂಪನಿಯವರು ಇಟ್ಕೊಳ್ಳಂಗಿಲ್ಲ.”

“ಮತ್ತ ನಿಂದ್ಯಾಕ ಇಟ್ಕೊಂಡಿದ್ರು?”

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು, ನಮ್ಮ ಆಫೀಸಿನವರು ಮಾತ್ರ ಹಾಗೆ ಅಂತ. ಅದನ್ನು ಹೇಳಿದರೆ ಅವನ ಕಂಪನಿಯೂ ಹಾಗೇ ಇದ್ದೀತು ಅಂತ ಅಕ್ಕ ಹೆದರುತ್ತಾಳೆ, ಹುಡುಗ ಅಲ್ಲೇ ಉಳಿಯುತ್ತಾನೆ. ಹೇಳಿಬಿಟ್ಟೆ. ಇಟ್ಟುಕೊಂಡಿರಲಿಲ್ಲ ಅಕ್ಕ. ನನ್ನ ಹತ್ತಿರವೇ ಇತ್ತು. ನಾವು ಯುರೋಪಿಗೆ ಹೋಗಿದ್ದೆವು. ಅವತ್ತು ನೀ ಕೇಳಿದ ಸಪ್ಪಳ ಲಾರಿಯದ್ದಲ್ಲ, ಹಡಗಿನದ್ದು. ಹೇಳುತ್ತ ಹೇಳುತ್ತ ಅತ್ತೆ, ಅತ್ತಿದ್ದಕ್ಕೂ ಹೇಸಿಗೆಯಾಯಿತು, ನಾನು ಅಳೋಕೆ ಏನು ಹಕ್ಕು.

ಅಕ್ಕ ಫೋನ್ ಹಿಡಿದೇ ಒಳಗೆ ತಿರುಗಿ ಮಗನಿಗೆ ಕೂಗಿ ಹೇಳಿದಳು. “ಏ, ಆ ಕಾಗದಕ್ಕ ಹೂಂ ಅಂತ ಕಳಸು. ಹೋಗಿ ಬಾ.” ಹುಡುಗ ಏನೋ ಖುಷಿಯಲ್ಲಿ ಕಿರುಚಿದ್ದು ನನಗೂ ಕೇಳಿಸಿತು. ಅಕ್ಕ ಮತ್ತೆ ಫೋನಿಗೆ ಬಂದಳು.

“ಇಷ್ಟ ದಿನಾ ನಾ ಆ ಕಂಪನಿಯವರಿಗೆ ಬೈಕೋತ ಆರಾಮ ಇದ್ನೆವಾ. ಈಗ ಯಾರಿಗೆ ಬೈಲಿ?”

“ನನಗ ಬೈ ಅಕ್ಕ. ಬಾಯಿ ತುಂಬ ಬೈ.”

“ನಿನಗ ಬೈದು ನನಗ ರೂಢಿ ಇಲ್ಲ” ಅಂದಳು, ಫೋನ್ ಇಟ್ಟಳು.