ಕೌಂಟರಿನ ಹಿಂದಿನ ಹಸಿರು ಸ್ಟೂಲು

ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದೆ, ಫೋನು ಟಣ್ ಎಂದಿತು. ನನಗೆ ಸಂದೇಶ ಕಳಿಸುವವರು ಇಬ್ಬರೇ. ಒಬ್ಬಳು ಬೀಳಗಿಯ ನನ್ನ ತಂಗಿ, ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ ಕಳಿಸುತ್ತಾಳೆ. ಇನ್ನೊಬ್ಬರು ರೀಚಾರ್ಜ್ ಮುಗಿಯಿತು ಎಂದು ಹೆದರಿಸುವ ಕಂಪನಿಯವರು. ಇದು ಇಬ್ಬರದೂ ಅಲ್ಲ. ನಿನ್ನೆ ನಾನು ಸಾಮಾನು ತಂದ ಸೂಪರ್ ಮಾರ್ಕೆಟ್ಟಿನದು. "ನಮ್ಮ ಸೇವೆ ಹೇಗಿತ್ತು?" ಎಂದು ಕೇಳಿ, ಕೆಳಗೆ ಐದು ಖಾಲಿ ನಕ್ಷತ್ರ ಇಟ್ಟಿದ್ದರು. ಅದರ ಕೆಳಗೆ, ಏನಾದರೂ ಹೇಳುವುದಿದ್ದರೆ ಬರೆಯಿರಿ ಎಂದು ಒಂದು ಚೌಕ.

"ಐದೂ ಒತ್ತಿಬಿಡು ಆಯಿ, ಅದಕ್ಯಾಕ ಅಷ್ಟ ವಿಚಾರ?" ಎಂದಳು ಮೊಮ್ಮಗಳು. ನನಗೆ ಫೋನಿನಲ್ಲಿ ಕನ್ನಡ ಬರೆಯಲು ಕಲಿಸಿದ ಗುರು ಅವಳೇ. ಗುರುವಿನ ಮಾತು ಮೀರಬಾರದು, ನಿಜ. ಆದರೆ ನಾನು ಒಂದು ಬದನೆಕಾಯಿ ಕೊಳ್ಳಬೇಕಾದರೂ ನಾಲ್ಕು ಸಲ ತಿರುವಿ ನೋಡುವವಳು. ಐದು ನಕ್ಷತ್ರ ಸುಮ್ಮನೆ ಹೇಗೆ ಕೊಡಲಿ?

ಅದೂ ನಿನ್ನೆಯಂಥ ಸೇವೆಗೆ! ಬಿಲ್ಲಿನ ಕೌಂಟರಿನಲ್ಲಿ ನಲವತ್ತು ದಾಟಿದ ಒಬ್ಬ ಗಂಡಸು ನಿಂತಿದ್ದ. ಹೊಸಬ. ನನ್ನ ಮುಖವನ್ನೇ ನೋಡಲಿಲ್ಲ. ಬಾಳೆಹಣ್ಣನ್ನು ಮೊದಲು ಚೀಲಕ್ಕೆ ಹಾಕಿ, ಅದರ ಮೇಲೆ ಬೇಳೆ ಹಾಕಿ, ಎಲ್ಲದರ ಮೇಲೆ ಎಣ್ಣೆ ಡಬ್ಬಿ ಕೂರಿಸಿದ. "ಎಣ್ಣಿ ಕೆಳಗ ಹಾಕಪಾ, ಹಣ್ಣ ಹಿಚಕ್ತಾವು" ಎಂದೆ. ಅವನು ನನ್ನ ತಲೆಯ ಮೇಲಿಂದ "ಮುಂದಿನವರು ಬರ್ರಿ" ಎಂದ. ಮನೆಗೆ ಬಂದು ಚೀಲ ತೆಗೆದರೆ ಹಾಲು ಸಕ್ಕರೆ ಹಾಕುವುದಷ್ಟೇ ಬಾಕಿ, ಸೀಕರಣೆ ತಯಾರಾಗಿತ್ತು.

ಒಂದೇ ನಕ್ಷತ್ರ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟೆ. ಹೆಬ್ಬೆರಳು ಒತ್ತಲು ಹೋಯಿತು, ಮತ್ತೆ ನಿಂತಿತು. ಯಾಕೆ ನಿಂತಿತು ಎಂದು ಹೇಳಬೇಕಾದರೆ ನಿಮ್ಮನ್ನು ನಮ್ಮ ಜಮಖಂಡಿಯ ಹಳೇ ಪೇಟೆಗೆ ಕರೆದುಕೊಂಡು ಹೋಗಬೇಕು. ಬನ್ನಿ, ದೂರವೇನಿಲ್ಲ.

ಅಲ್ಲಿ ಗಿರಿಮಲ್ಲಪ್ಪ ಎಂಬವರ ಕಿರಾಣಿ ಅಂಗಡಿ ಇತ್ತು. ಅಂಗಡಿಯ ಮುಂದೆ ಬಂದವರು ಕೂಡಲು ಕಟ್ಟಿಗೆಯ ಒಂದು ಬಾಕು. ಯಾರು ಬಂದರೂ ಗಿರಿಮಲ್ಲಪ್ಪನವರ ಮೊದಲ ಮಾತು "ಕೂಡ್ರಿ". ಎರಡನೇ ಮಾತು "ನೀರ ಕುಡೀರಿ". ತಂಬಿಗೆಯ ಜೊತೆ ಅಂಗೈ ಮೇಲೆ ಒಂದು ಚೂರು ಬೆಲ್ಲ. ಏನು ಬೇಕು ಎಂಬ ಪ್ರಶ್ನೆ ಬರುವಾಗ ಹೊತ್ತು ಸಾಕಷ್ಟು ಏರಿರುತ್ತಿತ್ತು. ಒಗ್ಗರಣೆಗೆ ಸಾಸಿವೆ ಇಲ್ಲ ಎಂದು ಒಲೆ ಮೇಲೆ ಎಣ್ಣೆ ಇಟ್ಟು ಓಡಿದವಳು, ಮುಧೋಳದಲ್ಲಿ ಯಾರ ಮಗಳಿಗೆ ಗಂಡು ಗೊತ್ತಾಯಿತು, ತುಬಚಿಯಲ್ಲಿ ಯಾರ ಎಮ್ಮೆ ಕಳೆದುಹೋಯಿತು, ಎಲ್ಲ ತಿಳಿದುಕೊಂಡು ಸಾಸಿವೆ ಮರೆತು ಬಂದದ್ದೂ ಉಂಟು. ಅಂದು ನಮ್ಮ ಮನೆಯಲ್ಲಿ ಪಲ್ಯಕ್ಕಿಂತ ಹೊಗೆಯೇ ಹೆಚ್ಚಾಗಿತ್ತು.

ಅವರು ದೇವರಂಥವರು ಎಂದು ಹೇಳುತ್ತಿಲ್ಲ. ಅವರ ಬೆಲ್ಲದಲ್ಲಿ ಇರುವೆ ಇರುತ್ತಿದ್ದವು. ಕೇಳಿದರೆ "ಇರವಿ ಹತ್ತಲಾರದ ಬೆಲ್ಲ ಒಂದ ಬೆಲ್ಲೇನ್ರಿ ಅಕ್ಕಾರ? ತಿಂದ ನೋಡಿ ತಗೋರಿ" ಎನ್ನುತ್ತಿದ್ದರು. ತಿಂದು ನೋಡಿಯೇ ಕೊಳ್ಳುವುದು ನಮ್ಮ ಪದ್ಧತಿ. ನಾನು ಬನಹಟ್ಟಿಯ ನೇಕಾರರ ಮನೆಯ ಮಗಳು. ಸೀರೆಯಾದರೆ ಸೆರಗನ್ನು ಬೆರಳಲ್ಲಿ ಉಜ್ಜಿ ನೋಡಬೇಕು, ಶೇಂಗಾ ಆದರೆ ಎರಡು ಒಡೆದು ಬಾಯಿಗೆ ಹಾಕಿಕೊಳ್ಳಬೇಕು. ನೋಡದೆ ಕೊಂಡರೆ ನಮ್ಮ ಅಪ್ಪ ವಾರಗಟ್ಟಲೆ ಹಂಗಿಸುತ್ತಿದ್ದ.

ಆ ಅಂಗಡಿಯಲ್ಲಿ ಇನ್ನೊಂದು ರೂಢಿ ಇತ್ತು. ಸಂತೆಗೆ ಬಂದವರು ಭಾರದ ಗಂಟನ್ನು ಅಲ್ಲಿ ಇಟ್ಟು ಊರೆಲ್ಲ ತಿರುಗಿ ಬರುವುದು. "ಇಲ್ಲೆ ಇಟ್ಟಿರ್ತೇನ್ರಿ" ಎಂದರೆ ಆಯಿತು, ಇಟ್ಟದ್ದು ಇಟ್ಟಲ್ಲೇ ಇರುತ್ತಿತ್ತು. ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ತಂಗಿಯ ಊರನ್ನು ಒಕ್ಕಲೆಬ್ಬಿಸಿದಾಗ, ಹೊಸ ಮನೆ ಎದ್ದು ನಿಲ್ಲುವವರೆಗೆ ಅವಳ ಬೀಸುವ ಕಲ್ಲು ಇದ್ದದ್ದು ಈ ಅಂಗಡಿಯಲ್ಲೇ. ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ದಿನ ಹೋಗಿ ನೋಡಿದರೆ ಗಿರಿಮಲ್ಲಪ್ಪನವರ ಹೆಂಡತಿ ಅದರಲ್ಲಿ ಹೆಸರುಬೇಳೆ ಒಡೆಯುತ್ತಿದ್ದಾರೆ! ನಾನು ಹುಬ್ಬು ಏರಿಸಿದೆ. ಗಿರಿಮಲ್ಲಪ್ಪನವರು ಕದಲಲಿಲ್ಲ.

"ಇಟ್ಟ ಸಾಮಾನ ಕೈ ಆಡಿಸ್ಕೋತ ಇರಬೇಕ್ರಿ ಅಕ್ಕಾರ. ಸುಮ್ಮನ ಬಿಟ್ರ ಅದು ಮುನಿಸ್ಕೋತೈತಿ."

ತಂಗಿಗೆ ಹೇಳಿದೆ. ಅವಳು ನಕ್ಕು, "ಬೀಸ್ಲಿ ಬಿಡಬೇ, ಕಲ್ಲಿಗಾದ್ರೂ ಊರು ಬಿಟ್ಟ ಬ್ಯಾಸರ ಹೋಗಲಿ" ಎಂದಳು.

ಗಿರಿಮಲ್ಲಪ್ಪನವರು ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತು. ಕೆಲವು ವರ್ಷಕ್ಕೆ ನಮ್ಮೂರಿಗೂ ದೊಡ್ಡ ಅಂಗಡಿ ಬಂತು. ಗಾಜಿನ ಬಾಗಿಲು, ಒಳಗೆ ತಣ್ಣನೆಯ ಗಾಳಿ, ದೂಡಿಕೊಂಡು ಹೋಗುವ ಗಾಡಿ. ಮೊದಲ ದಿನ ನಾನು ಇಳಕಲ್ಲ ಸೀರೆ ಉಟ್ಟುಕೊಂಡೇ ಹೋದೆ. ಬಾಗಿಲಲ್ಲಿ ಕಾವಲಿನವನು ತಡೆದು, "ಚೀಲ ಇಲ್ಲೆ ಇಡ್ರಿ ಅಮ್ಮಾರ" ಎಂದ. ನನಗೆ ಸಂತೋಷವೇ ಆಯಿತು, ಇಲ್ಲಿಯೂ ಗಂಟು ಇಡುವ ರೂಢಿ ಇದೆಯಲ್ಲ ಎಂದು. ಚೀಲವನ್ನು ಗೋಡೆಯ ಗೂಡಿನಲ್ಲಿ ಇಟ್ಟು ಒಂದು ಬಿಲ್ಲೆ ಕೊಟ್ಟ. ಅದಕ್ಕೆ ಟೋಕನ್ ಎನ್ನುತ್ತಾರೆ, ಕಳ್ಳತನ ಆಗದಿರಲೆಂದು ಚೀಲ ಹೊರಗೆ ಇಡಿಸುತ್ತಾರೆ ಎಂದು ಆಮೇಲೆ ಗೊತ್ತಾಯಿತು. ನನ್ನ ಚೀಲ ಕದಿಯುವವರಿಂದ ಕಾಪಾಡಲಿಕ್ಕೆ ಎಂದುಕೊಂಡಿದ್ದೆ. ಕದಿಯುವವಳು ನಾನೇ ಅಂತೆ!

ಒಳಗೆ ಕೂಡ್ರಿ ಅನ್ನುವವರಿರಲಿ, ಬರ್ರಿ ಅನ್ನುವವರೂ ಇರಲಿಲ್ಲ. ಬೆಲ್ಲ ಪ್ಲಾಸ್ಟಿಕ್ಕಿನಲ್ಲಿ ಉಸಿರುಗಟ್ಟಿ ಕೂತಿತ್ತು. ಪಾಕೀಟು ಹಿಡಿದು ಬಿಲ್ಲಿನ ಹುಡುಗಿಯ ಹತ್ತಿರ ಹೋಗಿ, "ಬೆಲ್ಲ ಛಲೋ ಐತೇನ ತಂಗಿ?" ಎಂದೆ.

"ಮ್ಯಾಲೆ ಬರದೈತಿ, ಓದ್ಕೋರಿ" ಎಂದಳು, ತಲೆ ಎತ್ತದೆ.

"ಬೆಲ್ಲದ ರುಚಿ ಓದಿದ್ರ ತಿಳಿತೈತೇನಬೇ?"

"ಲೈನಿನಾಗ ನಿಂದರ್ರಿ."

ನಿಂತೆ. ಲೈನು ಕದಲದು, ನನ್ನ ಮೊಣಕಾಲು ಸುಮ್ಮನಿರದು. ಪಕ್ಕದಲ್ಲೇ ಬಕೀಟು, ಮೊರ, ಪ್ಲಾಸ್ಟಿಕ್ ಸ್ಟೂಲು ಒಂದರ ಮೇಲೊಂದು ಪೇರಿಸಿದ್ದರು. ಒಂದು ಹಸಿರು ಸ್ಟೂಲು ಎಳೆದುಕೊಂಡು, ಕೌಂಟರಿನ ಬದಿಯಲ್ಲೇ ಹಾಕಿಕೊಂಡು ಕೂತೆ. ಆಹಾ! ಗಿಡ್ಡ ಸ್ಟೂಲು, ಆದರೆ ಸಿಂಹಾಸನದ ಸುಖ.

ಕುತ್ತಿಗೆಗೆ ಟೈ ಕಟ್ಟಿದ ಮ್ಯಾನೇಜರ್ ಓಡಿಬಂದ. "ಅಮ್ಮಾರ, ಅದು ಮಾರಾಕ ಇಟ್ಟ ಸ್ಟೂಲ್ರಿ! ಕೂಡ್ರಾಕಲ್ಲ."

"ಸ್ಟೂಲ್ ಕೂಡ್ರಾಕಲ್ಲದ ಮತ್ತ್ಯಾಕಪಾ? ಕೂತ್ ನೋಡಲಾರದ ಹೆಂಗ ತಗೋಬೇಕು?"

ಲೈನಿನಲ್ಲಿದ್ದವರು ನಕ್ಕರು. ಮ್ಯಾನೇಜರನ ಮುಖ ಕೆಂಪಾಯಿತು. ನನ್ನ ಮೇಲೆ ತೀರಿಸಿಕೊಳ್ಳಲು ಆಗದ ಸಿಟ್ಟು ಹುಡುಗಿಯ ಕಡೆ ತಿರುಗಿತು.

"ರೇಣುಕಾ, ಮತ್ತ ಗಿರಾಕಿ ಕೂಡ ತಕರಾರ ಮಾಡ್ಕೊಂಡಿ? ಇನ್ನೊಂದ ಕಂಪ್ಲೇಂಟ್ ಬಂದ್ರ ಮನೀಗೆ ಅಂತ ಹೇಳಿದ್ನೋ ಇಲ್ಲೋ?" ನನ್ನ ಕಡೆ ಬಗ್ಗಿ, ದನಿಗೆ ಬೆಣ್ಣೆ ಹಚ್ಚಿ, "ಏನಂದ್ಳು ಹೇಳ್ರಿ ಅಮ್ಮಾರ. ನಾ ಅದೇನಿ, ಅಂಜಬ್ಯಾಡ್ರಿ" ಎಂದ.

ಹೇಳುವುದಕ್ಕೆ ನನ್ನ ಬಾಯಲ್ಲಿ ಬೇಕಾದಷ್ಟಿತ್ತು. ಬೆಲ್ಲದಿಂದಲೇ ಶುರು ಮಾಡಬೇಕು ಎಂದು ಬಾಯಿ ತೆರೆದೆ. ಆದರೆ ನಾನು ಕೂತಿದ್ದು ಗಿಡ್ಡ ಸ್ಟೂಲಿನ ಮೇಲಲ್ಲವೇ? ಕೌಂಟರಿನ ಬದಿಯ ಸಂದಿಯಿಂದ ನನ್ನ ಕಣ್ಣಿಗೆ ಕಂಡದ್ದು ರೇಣುಕಾಳ ಮುಖವಲ್ಲ, ಪಾದ. ಚಪ್ಪಲಿ ಬಿಟ್ಟಿದ್ದಳು. ಬಾತುಕೊಂಡ ಪಾದದ ಮೇಲೆ ಚಪ್ಪಲಿಯ ಪಟ್ಟಿ ಬಿದ್ದಲ್ಲಿ ಗೆರೆ ಕೊರೆದಿತ್ತು. ಕೆರೆಯ ಕೊಕ್ಕರೆಯ ಹಾಗೆ ಒಂದು ಕಾಲು ಎತ್ತಿ ಇನ್ನೊಂದರ ಮೇಲೆ ಇಟ್ಟು, ಮತ್ತೆ ಅದನ್ನು ಇಳಿಸಿ ಇದನ್ನು ಎತ್ತುತ್ತಿದ್ದಳು. ಮೇಲೆ ಕೈ ಬಿಲ್ಲು ಮಾಡುತ್ತಲೇ ಇತ್ತು.

ಆ ಪಾದ ನನಗೆ ಗೊತ್ತಿತ್ತು. ನಮ್ಮ ಅಪ್ಪ ಕೈಮಗ್ಗದ ಕೆಳಗೆ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಕೂತು ನೇಯುತ್ತಿದ್ದ. ಹಾಡು ಹೇಳುತ್ತ, ಬಂದವರನ್ನು ಮಾತಾಡಿಸುತ್ತ. ಕರೆಂಟಿನ ಮಗ್ಗ ಬಂದ ಮೇಲೆ ಅಣ್ಣಂದಿರು ಎರಡೆರಡು ಮಗ್ಗದ ನಡುವೆ ದಿನವಿಡೀ ನಿಂತರು. ಸಂಜೆ ಇಂಥದೇ ಪಾದ ಹೊತ್ತು ಮನೆಗೆ ಬಂದು, ಚಹಾ ಕೊಟ್ಟ ಅವ್ವನ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದರು. ಅವ್ವ ಎದುರಾಡದೆ ಬಿಸಿನೀರಿಗೆ ಉಪ್ಪು ಹಾಕಿ ತಂದಿಡುತ್ತಿದ್ದಳು.

"ಯಾವೂರಬೇ ನಿಂದು?" ಎಂದೆ ಹುಡುಗಿಗೆ.

"ರಬಕವಿ ರೀ." ಈಗ ಮೊದಲ ಸಲ ಮುಖ ಎತ್ತಿದಳು. ಕಣ್ಣು ಅಳುವ ಅಂಚಿನಲ್ಲಿದ್ದವು. ನಾನು ಏನು ಹೇಳುತ್ತೇನೋ ಅದರ ಮೇಲೆ ಅವಳ ನೌಕರಿ ನಿಂತಿತ್ತು, ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ತಕರಾರ ಏನಿಲ್ಲಪಾ. ಸ್ಟೂಲಿನ ದರ ಕೇಳಾಕತ್ತಿದ್ನಿ. ಕೂತ್ ನೋಡೇನಿ, ಛಲೋ ಐತಿ. ಬಿಲ್ ಮಾಡಬೇ."

ಬಿಲ್ಲಾಯಿತು. ನಾನು ಸ್ಟೂಲು ಎತ್ತಿಕೊಂಡು ಸೀದಾ ಬಾಗಿಲ ಕಾವಲಿನವನ ಹತ್ತಿರ ಹೋದೆ. "ನಂದಿನ್ನೂ ಪ್ಯಾಟಿ ತಿರಗೂದೈತಿ. ಇದನ್ನ ಇಟ್ಕೋ, ಟೋಕನ್ ಕೊಡು."

ಅವನು ಸ್ಟೂಲನ್ನು ಗೂಡಿಗೆ ಉದ್ದ ಹಿಡಿದ, ಅಡ್ಡ ಹಿಡಿದ, ಕಾಲು ಮೇಲೆ ಮಾಡಿದ. ಹಿಡಿಸಲಿಲ್ಲ.

"ಹಿಡಸವಲ್ದಲ್ರಿ ಅಮ್ಮಾರ."

"ಹಂಗಾರ ಆ ಕೌಂಟರ್ ಹಿಂದ ಇಡು. ಅಲ್ಲೆ ಜಾಗಾ ಐತಿ, ನಾ ಕೂತಾಗ ನೋಡೇನಿ."

ಮ್ಯಾನೇಜರ್ ಮತ್ತೆ ಬಂದ. ನಾನು ಇಟ್ಟು ಹೋಗುವ ಸಾಮಾನಿಗೆ ಒಂದು ಷರತ್ತಿದೆ ಎಂದೆ. ಧೂಳು ಹಿಡಿಯಬಾರದು, ದಿನಾ ಕೈ ಆಡಿಸುತ್ತ ಇರಬೇಕು, ಆದ್ದರಿಂದ ರೇಣುಕಾ ಅದರ ಮೇಲೆ ಕೂತಿರಲಿ.

"ಆಗಾಂಗಿಲ್ರಿ. ಸ್ಟಾಫ್ ಕೂತ್ರ ಗಿರಾಕಿಗೆ ಅವಮಾನ ಅಂತ ಮ್ಯಾಲಿನವರ ರೂಲ್ ಐತಿ."

"ಗಿರಾಕಿ ಅಂದ್ರ ಯಾರಪಾ? ನಾನಲ್ಲೇನು? ನನಗೇನ ಅವಮಾನ ಆಗಿಲ್ಲ." ಲೈನಿನ ಕಡೆ ತಿರುಗಿ, "ನಿಮಗ ಯಾರಿಗರ ಆಗೇತೇನ್ರೀ?" ಎಂದೆ.

"ನಮಗೇನ ಆಗಿಲ್ಲ ಬಿಡ್ರಿ, ಲಗೂ ಬಿಲ್ ಆದ್ರ ಸಾಕು" ಎಂದ ಹಿಂದಿನಿಂದ ಒಬ್ಬ ಪುಣ್ಯಾತ್ಮ. ಮ್ಯಾನೇಜರ್ ಟೈ ಸಡಿಲಿಸಿಕೊಂಡು ಒಳಗೆ ಹೋದ. ಅದೇ ಒಪ್ಪಿಗೆ ಎಂದು ನಾವು ತಿಳಿದುಕೊಂಡೆವು. ನಾನು ನನ್ನ ಚೀಲ ತೆಗೆದುಕೊಂಡು, ಕಾವಲಿನವನು ಸ್ಟೂಲಿಗೆಂದು ಕೊಟ್ಟ ಟೋಕನ್ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಬಿದ್ದೆ. ಸ್ಟೂಲು ತರಲು ವಾಪಸು ಹೋಗುವುದನ್ನು, ನೋಡಿ, ಇವತ್ತಿನವರೆಗೆ ಮರೆತೇ ಇದ್ದೇನೆ.

ಮುಂದಿನ ಸಲ ಹೋದಾಗ ರೇಣುಕಾ ದೂರದಿಂದಲೇ, "ಬರ್ರಿ ಆಯಿ! ಇವತ್ತಿನ ಬೆಲ್ಲ ಒಯ್ಯಬ್ಯಾಡ್ರಿ, ಉಪ್ಪುಪ್ಪ ಐತಿ, ನಾ ತಿಂದ ನೋಡೇನಿ" ಎಂದು ಕೂಗಿದಳು. ಮ್ಯಾನೇಜರನಿಗೆ ಕೇಳಿಸದ ಹಾಗೆ ನಟಿಸುವುದು ಅಷ್ಟರಲ್ಲಿ ರೂಢಿಯಾಗಿತ್ತು. ಕೆಲವು ವರ್ಷ ಅವಳು ಅಲ್ಲೇ ಇದ್ದಳು. ಆಮೇಲೆ ತನ್ನೂರಲ್ಲಿ ಸ್ವಂತ ಹೊಲಿಗೆ ಅಂಗಡಿ ಹಾಕಿದಳು. ಹೇಳಿಹೋಗಲು ಮನೆಗೆ ಬಂದಾಗ, "ಸ್ಟೂಲ್ ಅಲ್ಲೇ ಬಿಟ್ಟೇನ್ರಿ ಆಯಿ, ನನ್ನ ಹಿಂದ ಬರಾವ್ರಿಗೆ" ಎಂದಳು.

ಹಾಗಾಗಿ ನನ್ನ ಹೆಬ್ಬೆರಳು ನಿಂತಿತು. ನಿನ್ನೆ ನಾನು ಸಿಟ್ಟಿನಲ್ಲಿ ಬಾಳೆಹಣ್ಣು ನೋಡಿದೆ, ಎಣ್ಣೆ ಡಬ್ಬಿ ನೋಡಿದೆ. ಆ ಮನುಷ್ಯ ಕೂತಿದ್ದನೋ ನಿಂತಿದ್ದನೋ ಅಂದರೆ, ನಿಂತಿದ್ದ. ಹಾಗಾದರೆ ನನ್ನ ಸ್ಟೂಲು ಎಲ್ಲಿ?

ದೇವರ ಗೂಡಿನ ಡಬ್ಬಿಯಿಂದ ಟೋಕನ್ ತೆಗೆದೆ. "ಈ ಬಿಸಲಾಗ ಎಲ್ಲಿಗೆ ಆಯಿ? ನಕ್ಷತ್ರ ಇಲ್ಲಿಂದನ ಒತ್ತಬಹುದು!" ಎಂದು ಮೊಮ್ಮಗಳು ಕೂಗುತ್ತಲೇ ಇದ್ದಳು. ಚಪ್ಪಲಿ ಮೆಟ್ಟಿ ಹೊರಟೆ.

ಅಂಗಡಿಯಲ್ಲಿ ಅದೇ ಮನುಷ್ಯ, ಅದೇ ಮುಖ ನೋಡದ ಬಿಲ್ಲು. ನಾನು ಲೈನು ಬಿಟ್ಟು ಕೌಂಟರಿನ ಬದಿಗೆ ಹೋಗಿ ಇಣುಕಿದೆ. ಇತ್ತು! ಹಸಿರು ಬಣ್ಣ ಮಾಸಿ, ಒಂದು ಕಾಲಿನ ತುದಿ ಒಡೆದು, ನನ್ನ ಸ್ಟೂಲು ಮೂಲೆಯಲ್ಲಿತ್ತು. ಅದರ ಮೇಲೆ ಕೈಚೀಲಗಳ ಒಂದು ದೊಡ್ಡ ಪೆಟ್ಟಿಗೆ ಆರಾಮವಾಗಿ ಕೂತಿತ್ತು.

"ಯಪ್ಪಾ, ನನ್ನ ಸ್ಟೂಲ್ ಮ್ಯಾಲೆ ಪೆಟಗಿ ಯಾರ ಇಟ್ಟಾರ?" ಎಂದು ಟೋಕನ್ ತೋರಿಸಿದೆ.

ಅವನು ಮುಖ ಎತ್ತಿ ಟೋಕನ್ ನೋಡಿದ, ನನ್ನನ್ನು ನೋಡಿದ. "ನಿಮ್ದೇನ್ರಿ ಇದು? ಕೂಡ್ರಾಕ ಹೋದ್ರ, ಬ್ಯಾರೆಯವರ ಸಾಮಾನು, ಮುಟ್ಟಬ್ಯಾಡ ಅಂದ್ರಲ್ರಿ."

"ಯಾರಂದ್ರು? ಮುಟ್ಟಲಾರದಕ್ಕ ಅದರ ಬಣ್ಣ ಹೋಗೇತಿ. ಪೆಟಗಿ ಇಳಸು, ಕೂಡ್ರು."

ಪೆಟ್ಟಿಗೆ ಇಳಿಸಿದ. ಕೂತ. ಅವನ ಬಾಯಿಂದ ಬಂದ ಉಸಿರನ್ನು ನೀವು ಕೇಳಬೇಕಿತ್ತು. "ಮಗ್ಗದಾಗ ಇದ್ದಾಗಿಂದ ನಿಂತ ಮನಷ್ಯಾ ಇವತ್ತ ಕೂತೆನ್ರಿ" ಎಂದ. ಬನಹಟ್ಟಿಯವನು! ಮಗ್ಗದ ಕೆಲಸ ಬಿಟ್ಟು ಇಲ್ಲಿಗೆ ಬಂದಿದ್ದನಂತೆ. ನಾನು ತವರಿನ ಓಣಿ ಹೇಳಿದೆ, ಅವನು ತನ್ನ ಓಣಿ ಹೇಳಿದ. ತಕ್ಷಣ ಏನೋ ನೆನಪಾದವನಂತೆ ಎದ್ದುನಿಂತು, ಟವೆಲಿನಿಂದ ಸ್ಟೂಲು ಒರೆಸಿ ನನ್ನ ಕಡೆ ಸರಿಸಿದ.

"ನೀವ ನಿಂತೀರಲ್ರಿ ಅಕ್ಕಾರ. ಕೂಡ್ರಿ."

ಎಷ್ಟು ವರ್ಷವಾಗಿತ್ತು ಅಂಗಡಿಯಲ್ಲಿ ಈ ಮಾತು ಕೇಳಿ! "ಬ್ಯಾಡೋ ತಮ್ಮಾ, ನೀ ಕೂಡ್ರು" ಎಂದೆ.

"ಏ, ನೀವ ದೊಡ್ಡವರು, ಕೂಡ್ರಿ."

"ನಾ ಮನಿಗೋಗಿ ಕೂಡ್ರತೇನಿ, ನೀ ಕೂಡ್ರು."

ಸ್ಟೂಲು ಒಮ್ಮೆ ಅತ್ತ, ಒಮ್ಮೆ ಇತ್ತ. ಲೈನು ಬಾಗಿಲತನಕ ಬೆಳೆಯಿತು. ಕೊನೆಗೆ ಹಿಂದಿನಿಂದ ಒಬ್ಬ ತಡೆಯಲಾರದೆ ಕೂಗಿದ: "ಏನ್ ಸರ್ವಿಸ್ ಲೇ ಇದು! ಇವರಿಗೆ ಒಂದ ನಕ್ಷತ್ರನೂ ಕೊಡಬಾರದ ನೋಡು!"

ಹೊರಗೆ ಬಂದು, ಗಾಜಿನ ಬಾಗಿಲ ಮುಂದಿನ ನೆರಳಿನಲ್ಲಿ ನಿಂತು, ನಾನು ಐದೂ ಒತ್ತಿದೆ. ಕೆಳಗಿನ ಚೌಕದಲ್ಲಿ ಒಂದೊಂದೇ ಅಕ್ಷರ ಹುಡುಕಿ ಬರೆದೆ: "ಇನ್ನೊಂದು ಸ್ಟೂಲು ಬೇಕು."