ಕಡೆಯ ಕೊಡ

ಅಕ್ಕೋರ ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳು ಇಳಿದಿತ್ತು. ವರ್ಷಗಟ್ಟಲೆ ಎಡ ಸೊಂಟದ ಮೇಲೆ ತುಂಬಿದ ಕೊಡ ಹೊತ್ತು ಮೈ ಹಾಗೇ ವಾಲಿಬಿಟ್ಟಿತ್ತು. ನನ್ನ ಗಂಡನಿಗೆ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿಸಿದವರು. ಬೆಟಗೇರಿಯ ನಮ್ಮ ಓಣಿಗೆಲ್ಲ ಅವರು ಅಕ್ಕೋರೇ. ಮದುವೆಯಾಗಿರಲಿಲ್ಲ, ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದರು.

ನಮ್ಮಲ್ಲಿ ನಳಕ್ಕೆ ನೀರು ಬರುವುದು ಎಂಟು ಹತ್ತು ದಿನಕ್ಕೊಮ್ಮೆ. ಅಂದು ಓಣಿಗೆ ಓಣಿಯೇ ಪೈಪು ಹಿಡಿದು ಓಡಾಡುತ್ತದೆ. ಮನೆಗೆ ನಳವಿಲ್ಲದ ಅಕ್ಕೋರು ಮಾತ್ರ ಓಣಿಯ ತುದಿಯ ನಳದಿಂದ ಕೊಡ ಕೊಡವಾಗಿ ಹೊರುತ್ತಿದ್ದರು. "ನಮ್ಮ ಪೈಪ್ ಹಾಕ್ತೀನ್ರೀ ಅಕ್ಕೋರ" ಎಂದರೆ, "ಬ್ಯಾಡ, ಕೈಕಾಲು ಇನ್ನೂ ಗಟ್ಟಿ ಅದಾವ" ಎಂಬ ಒಂದೇ ಉತ್ತರ.

ಒಮ್ಮೆ ಅವರು ಲಕ್ಷ್ಮೇಶ್ವರಕ್ಕೆ ಹೋದ ದಿನವೇ ನೀರು ಬಂತು. ಹಿತ್ತಲ ಗೋಡೆಯ ಮೇಲಿಂದ ಪೈಪು ಇಳಿಬಿಟ್ಟು ಅವರ ಡ್ರಮ್ ತುಂಬಿಸಿದೆ. ದೊಡ್ಡ ಪುಣ್ಯದ ಕೆಲಸ ಮಾಡಿದೆ ಅಂದುಕೊಂಡಿದ್ದೆ. ಸಂಜೆ ಬಂದ ಅಕ್ಕೋರು ಆ ನೀರನ್ನೆಲ್ಲ ಹೊತ್ತು ತಂದು ನಮ್ಮ ತೊಟ್ಟಿಗೆ ಸುರಿದರು. ಮುಂದಿನ ಅಷ್ಟೂ ದಿನ ಎಲ್ಲಿಯದೋ ಬೋರಿನಿಂದ ತಂದುಕೊಂಡರು. ನನಗೆ ಮೈಯೆಲ್ಲ ಉರಿಯಿತು. "ಮುದುಕಿಗೆ ಸೊಕ್ಕು ನೋಡ್ರಿ" ಎಂದು ಗಂಡನ ಮುಂದೆ ಗೊಣಗಿದೆ.

ಹಾಗೆ ಆಡಿಕೊಂಡವಳೇ ಮುಂದೆ ಅದನ್ನೇ ಮಾಡಿದೆ. ಅತ್ತೆ ಹಾಸಿಗೆ ಹಿಡಿದರು. ಮುಂಡರಗಿಯ ನಾದಿನಿ "ನಾ ಬಂದು ಇರ್ತೀನಿ ವೈನಿ" ಎಂದಾಗಲೆಲ್ಲ "ನಾ ಅದೀನಲ್ಲ" ಎಂದು ತಡೆದೆ. ಸೊಸೆಯ ಕೈಲಾಗಲಿಲ್ಲ ಅನ್ನಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ. ಎರಡು ವರ್ಷ ಹೀಗೇ ನಡೆಯಿತು. ಒಂದು ನೀರಿನ ದಿನ ಕಟ್ಟೆಯ ಮೇಲೆ ಕೂತವಳಿಗೆ ಏಳಲಾಗಲಿಲ್ಲ. ತೊಟ್ಟಿ ತುಂಬಿ ಅಂಗಳಕ್ಕೆ ಹರಿಯುತ್ತಿತ್ತು, ನಳ ಬಂದ್ ಮಾಡುವಷ್ಟೂ ತ್ರಾಣವಿಲ್ಲ. ಅಳುತ್ತ ಕೂತೆ. ಅಕ್ಕೋರು ಬಂದು ನಳ ತಿರುಗಿಸಿ ಪಕ್ಕದಲ್ಲಿ ಕುಳಿತರು. ಅವರಿಗೂ ಏದುಸಿರು.

"ನನಗೂ ಕೊಡ ಎತ್ತಾಕ ಆಗವಲ್ತು ತಂಗಿ" ಎಂದರು. ಸೆರಗಿನಿಂದ ಬೆವರು ಒರೆಸಿಕೊಂಡು, "ನೀ ನಾದಿನಿನ್ನ ಕರಸು, ನಾ ನಿನ್ನ ಪೈಪ್ ತಗೋತೀನಿ. ಆದ್ರ ಕಡೀ ಕೊಡ ನಂದು. ಅದಕ್ಕ ಕೈ ಹಚ್ಚಬ್ಯಾಡ" ಎಂದರು.

ಅಂದೇ ನಾದಿನಿಗೆ ಫೋನ್ ಮಾಡಿದೆ, ಅವಳು ಆಗಾಗ ಬಂದು ಹೋಗತೊಡಗಿದಳು. ಆಮೇಲೆ ಪ್ರತಿ ಸಲ ಅವರ ಡ್ರಮ್ ನಮ್ಮ ಪೈಪಿನಿಂದಲೇ ತುಂಬಿತು. ಕಡೆಯ ಕೊಡವನ್ನು ಅಕ್ಕೋರು ಓಣಿಯ ನಳದಿಂದ ಮೂರು ಕಡೆ ಇಳಿಸಿ, ಉಸಿರು ತೆಗೆದುಕೊಂಡು ತರುತ್ತಿದ್ದರು. ನೋಡಲು ಸಂಕಟವಾಗುತ್ತಿತ್ತು, ಆದರೆ ಕೈ ಚಾಚಲಿಲ್ಲ.

ಕಳೆದ ಚಳಿಗಾಲದಲ್ಲಿ ಒಂದು ದಿನ ಬಾಗಿಲಲ್ಲೇ ನಿಂತು ಆ ಕೊಡವನ್ನು ನನ್ನತ್ತ ಹಿಡಿದರು. "ಇದನ್ನೂ ನೀನ ತುಂಬವಾ." ತುಂಬಿ ತಂದಿಟ್ಟೆ. ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಮುಂದಿನ ಸಲ ನೀರು ಬರುವಷ್ಟರಲ್ಲಿ ಅಕ್ಕೋರು ಇರಲಿಲ್ಲ.

ಅತ್ತೆ ಇನ್ನೂ ಹಾಸಿಗೆಯಲ್ಲೇ ಇದ್ದಾರೆ, ನನ್ನ ದಣಿವೂ ಹಾಗೇ ಇದೆ. ನಾದಿನಿ ಬಂದ ದಿನ ಅತ್ತೆಯ ತಲೆ ಬಾಚುವುದೊಂದನ್ನು ನನಗೇ ಇಟ್ಟುಕೊಂಡು, ಉಳಿದದ್ದನ್ನೆಲ್ಲ ಅವಳಿಗೆ ಬಿಟ್ಟು, ಬಾಗಿಲು ಮುಂದೆ ಮಾಡಿ ಹಾಡಹಗಲೇ ಮಲಗಿಬಿಡುತ್ತೇನೆ.