ಹುಲ್ಲಹಳ್ಳಿಯ ಮರಿತಾಯಮ್ಮ ಟ್ರಸ್ಟಿಯಾದದ್ದು

ಯಾರೋ ಡಾಕ್ಟರು ಹುಡುಕಿಕೊಂಡು ಬಂದಿದ್ದಾರೆ ಎಂದಾಗ ಮರಿತಾಯಮ್ಮ ಮೊದಲು ಸೆರಗನ್ನು ಕತ್ತಿನ ಮೇಲೆ ಎಳೆದುಕೊಂಡರು. ಹುಲ್ಲಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಅವರದು. ಇಪ್ಪತ್ತು ವರ್ಷದ ಹಿಂದೆ ಆಲೆಮನೆಯಲ್ಲಿ ಕೂಲಿಗಿದ್ದಾಗ ಕುದಿಯುವ ಕಬ್ಬಿನ ಹಾಲು ಮೈಮೇಲೆ ಚೆಲ್ಲಿ, ಎಡಗಿವಿಯಿಂದ ಮೊಣಕೈವರೆಗೆ ಚರ್ಮ ಗಂಟುಗಂಟಾಗಿ ಬಿಗಿದುಕೊಂಡಿತ್ತು. ಕತ್ತು ಎಡಕ್ಕೆ ತಿರುಗುವುದಿಲ್ಲ. ಆ ಕಡೆಯಿಂದ ಯಾರಾದರೂ ಕರೆದರೆ ಇಡೀ ಮೈ ತಿರುಗಿಸಬೇಕು.

ಬಂದವರ ಹೆಸರು ಶಿವರಂಜನಿ. ಸುಟ್ಟಗಾಯ ಬೇಗ ಮಾಯುವ ದಾರಿ ಹುಡುಕಲೆಂದು ನಂಜನಗೂಡಿನಲ್ಲಿ ನಡೆಯುತ್ತಿದ್ದ ಒಂದು ಟ್ರಸ್ಟಿನ ಮುಖ್ಯ ವೈದ್ಯೆ.

"ಟ್ರಸ್ಟ್ ನಡೆಸೋರಲ್ಲಿ ಸುಟ್ಟಗಾಯ ಅನುಭವಿಸಿದವರು ಒಬ್ಬರೂ ಇಲ್ಲ. ನೀವು ಟ್ರಸ್ಟಿ ಆಗಬೇಕು ಅಮ್ಮ," ಎಂದರು.

"ಏಳ್ನೇ ಕ್ಲಾಸ್ ಓದಿರೋಳು ನಾನು. ನಾನ್ಯಾಕ್ ಬೇಕು ಮೇಡಂ? ಪೋಟ ತಗ್ಯಕ್ಕಾ?"

ಶಿವರಂಜನಿ ನಕ್ಕರು. ಮರಿತಾಯಮ್ಮ ನಗಲಿಲ್ಲ.

ಅವರ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಮೈ ಸುಟ್ಟಿದ್ದ ಕಾಲದಲ್ಲಿ ದೊಡ್ಡ ಆಸ್ಪತ್ರೆಯೊಂದರಲ್ಲಿ ನೋವಿನಿಂದ ಒದ್ದಾಡುತ್ತಿದ್ದಾಗ ಯಾರೋ ಹೆಬ್ಬೆಟ್ಟು ಹಿಡಿದು ಕಾಗದಕ್ಕೆ ಒತ್ತಿಸಿಕೊಂಡಿದ್ದರು. ಸಹಿ ಮಾಡಲು ಬರುತ್ತದೆ ಎಂದು ಹೇಳುವಷ್ಟು ಉಸಿರೂ ಇರಲಿಲ್ಲ. ಎಚ್ಚರವಾದಾಗ ಕತ್ತಿನ ಜೊತೆಗೆ ತೊಡೆಯೂ ಉರಿಯುತ್ತಿತ್ತು. ತೊಡೆಯ ಚರ್ಮ ತೆಗೆದು ಕತ್ತಿಗೆ ಹಾಕಿದ್ದಾರೆಂದು ಮೂರು ದಿನ ಬಿಟ್ಟು ಕಸ ಗುಡಿಸುವಾಕೆ ಹೇಳಿದಳು. ಒಳ್ಳೆಯದಕ್ಕೇ ಮಾಡಿದ್ದರು. ಆದರೆ ಹೇಳಿರಲಿಲ್ಲ.

ಆದರೂ ಮರಿತಾಯಮ್ಮ ಒಪ್ಪಿಕೊಂಡರು. ಒಳಗೆ ಏನು ನಡೆಯುತ್ತದೆಂದು ನೋಡಬೇಕಿತ್ತು, ಅಷ್ಟೆ.

ಮೊದಲ ಸಭೆಯಲ್ಲಿ ಅವರು ನೋಡಿದ್ದು ಲೋಟಗಳನ್ನು. ಅಧ್ಯಕ್ಷರಾದ ಗಂಗಾಧರಸ್ವಾಮಿ ಅಕ್ಕಿ ಗಿರಣಿ ನಡೆಸಿ ಬಾಳಿದವರು, ಮಠದ ಕಡೆಯ ದೊಡ್ಡ ಮನುಷ್ಯರು. ಊರಲ್ಲಿ ಅಂಥವರ ಮನೆಗಳಲ್ಲಿ ತನ್ನ ಜಾತಿಯವರಿಗೆ ಲೋಟವೇ ಬೇರೆ; ಇಲ್ಲಿ ಅವರಿಗೆ ಕೊಟ್ಟಂಥ ಸ್ಟೀಲ್ ಲೋಟದಲ್ಲೇ ತನಗೂ ಟೀ ಬಂತು. ಬೇಕಂತಲೇ ಹಾಗೆ ಕೊಟ್ಟರೋ, ದಿನವೂ ಹೀಗೆಯೋ ತಿಳಿಯಲಿಲ್ಲ. ಫೋಟೋ ತೆಗೆಯುವವನು ಬಂದ ಕೂಡಲೇ ಎದ್ದು ಹೊರಗೆ ಹೋಗಿ ನಿಂತರು.

ಎರಡನೇ ಸಭೆಯಲ್ಲಿ ಶಿವರಂಜನಿ ಹೊಸದೊಂದು ಮುಲಾಮಿನ ಬಗ್ಗೆ ಹೇಳಿದರು. ಬಂದ ರೋಗಿಗಳಲ್ಲಿ ಅರ್ಧ ಜನಕ್ಕೆ ಅದನ್ನು, ಉಳಿದವರಿಗೆ ಹಳೆಯ ಔಷಧಿ ಹಚ್ಚಿ, ಯಾವುದರಲ್ಲಿ ಬೇಗ ಮಾಯುತ್ತದೆಂದು ನೋಡುತ್ತಿದ್ದರು. ಎಲ್ಲರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರೆ ಎಂದರು.

"ಸೈನ್ ಆಕಲ್ಲ ಅಂದ್ರೆ ಗಾಯ ಕಟ್ತೀರಾ, ಇಲ್ವಾ?" ಎಂದು ಕೇಳಿದರು ಮರಿತಾಯಮ್ಮ.

"ಖಂಡಿತ ಕಟ್ತೀವಿ. ಯಾರಿಗೂ ಬಲವಂತ ಇಲ್ಲ."

ಉತ್ತರ ತಡವಿಲ್ಲದೆ ಬಂತು. ಅಷ್ಟು ಬೇಗ ಬಂದದ್ದೇ ಮರಿತಾಯಮ್ಮನವರಿಗೆ ಹಿಡಿಸಲಿಲ್ಲ.

ಮುಂದಿನ ಸೋಮವಾರ ಶಾಲೆಗೆ ರಜೆ ಇತ್ತು. ಯಾರಿಗೂ ಹೇಳದೆ ತಿ. ನರಸೀಪುರದ ಬಸ್ಸು ಹತ್ತಿದರು. ಅಲ್ಲಿ ಟ್ರಸ್ಟಿನ ಚಿಕಿತ್ಸಾ ಕೇಂದ್ರ ವಾರಕ್ಕೆರಡು ದಿನ ತೆರೆಯುತ್ತಿತ್ತು. ಅಲ್ಲಿನವರಿಗೆ ಇವರ ಮುಖ ಗೊತ್ತಿರಲಿಲ್ಲ. ರೋಗಿಗಳ ನಡುವೆ ಬೆಂಚಿನ ಮೇಲೆ ಕೂತರು.

ಪಕ್ಕದಲ್ಲಿ ಚಾಮುಂಡಮ್ಮ ಎಂಬ ಮುದುಕಿ. ಹಂಡೆಯ ಬಿಸಿನೀರು ಬಿದ್ದು ಪಾದ ಬೊಬ್ಬೆಯೆದ್ದಿತ್ತು. ಕೇಂದ್ರದ ಸಹಾಯಕ ಅಮೃತೇಶ್ ಕಾಗದ ಹಿಡಿದು ಬಂದ.

"ಇಲ್ಲಿ ಹೆಬ್ಬೆಟ್ಟು ಒತ್ತಜ್ಜಿ."

"ಏನಪ್ಪಾ ಇದು?"

"ಪಟ್ಟಿ ಕಟ್ಟಕ್ಕೆ. ಎಲ್ರೂ ಒತ್ಲೇಬೇಕು."

ಮರಿತಾಯಮ್ಮ ಬಾಯಿ ತೆರೆಯುವಷ್ಟರಲ್ಲಿ ಮುದುಕಿ ಒತ್ತಿಯಾಗಿತ್ತು. ಆಕೆ ಪಟ್ಟಿ ಕಟ್ಟಿಸಿಕೊಂಡು ಹೊರಬಂದಾಗ ಬಾಗಿಲ ಬಳಿ ನಿಲ್ಲಿಸಿ ಕೇಳಿದರು: "ಒಸಾ ಔಷ್ದಿ ನೋಡ್ತಾವ್ರೆ ಅಂತ ನಿಮ್ಗೆ ಗೊತ್ತಾ ಅವ್ವ?"

"ಒಸಾದಾ? ಅಂಗಂತ ಯಾರ್ ಯೋಳುದ್ರು?"

ಮಧ್ಯಾಹ್ನದವರೆಗೆ ಕೂತರು. ಕಾಗದಕ್ಕೆ ಸಹಿ, ಹೆಬ್ಬೆಟ್ಟು ಹಾಕಿದವರು ಒಂಬತ್ತು ಜನ. ಅದರಲ್ಲಿ ಏನಿದೆಯೆಂದು ತಿಳಿದಿದ್ದವನು ಒಬ್ಬನೇ, ಅವನು ಕಾಲೇಜು ಓದುವ ಹುಡುಗ.

ಮೂರನೇ ಸಭೆಯಲ್ಲಿ ಮರಿತಾಯಮ್ಮ ಕಂಡದ್ದನ್ನೆಲ್ಲ ಹೇಳಿದರು. ಗಂಗಾಧರಸ್ವಾಮಿಯವರ ಮುಖ ಕೆಂಪಾಯಿತು.

"ನಿಮ್ಮನ್ನ ಕರೆದು ಕೂರಿಸಿದ್ದು ನಮ್ಮ ಮೇಲೇ ಬೇಹುಗಾರಿಕೆ ಮಾಡ್ಲಿ ಅಂತೇನಮ್ಮ?"

"ಮತ್ಯಾಕ್ ಕೂರುಸುದ್ರಿ ಸಾ?"

ಅಮೃತೇಶನನ್ನು ಕರೆಸಿದರು. ಅವನು ಮೊದಲು ಇಲ್ಲವೆಂದ. ಆಮೇಲೆ ಶಿವರಂಜನಿಯವರ ಕಡೆ ನೋಡಿ, "ದೀಪಾವಳಿಯೊಳಗೆ ನೂರು ಜನ ಆಗ್ಲೇಬೇಕು ಅಂದಿದ್ರಲ್ಲ ಮೇಡಂ. ಒಬ್ಬೊಬ್ರಿಗೂ ಅರ್ಧ ಗಂಟೆ ಹೇಳ್ತಾ ಕೂತ್ರೆ ಎಲ್ಲಾಯ್ತದೆ?" ಎಂದ.

ಶಿವರಂಜನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಂದಿದ್ದೆ," ಎಂದರು.

ಇವರಿಗೆ ಗೊತ್ತಿದ್ದೂ ಸುಮ್ಮನಿದ್ದರೋ, ನಿಜಕ್ಕೂ ಗೊತ್ತಿರಲಿಲ್ಲವೋ? ಮರಿತಾಯಮ್ಮ ಆ ಮುಖವನ್ನು ಬಹಳ ಹೊತ್ತು ನೋಡಿದರು. ಇವತ್ತಿಗೂ ಅವರಿಗೆ ಅದು ಬಗೆಹರಿದಿಲ್ಲ.

ಆ ಪ್ರಯೋಗ ಅಲ್ಲಿಗೇ ನಿಂತಿತು. ಅಷ್ಟರಲ್ಲಿ ಅದಕ್ಕೆ ಸೇರಿಸಿಕೊಂಡಿದ್ದ ಎಪ್ಪತ್ತೆರಡು ಜನರ ಮನೆಗೂ ಹೋಗಿ ನಡೆದದ್ದನ್ನು ಹೇಳಬೇಕೆಂದು ಮರಿತಾಯಮ್ಮ ಹಟ ಹಿಡಿದರು. ಗಂಗಾಧರಸ್ವಾಮಿ ಗೊಣಗುತ್ತಲೇ ತಮ್ಮ ಕಾರು ಕಳಿಸಿದರು. ತಗಡೂರಿನಲ್ಲಿ ಒಂದು ಮನೆಯವರು ಬೈದು ಬಾಗಿಲು ಹಾಕಿಕೊಂಡರು. ಆ ಬೈಗುಳವನ್ನು ಶಿವರಂಜನಿ ಅಂಗಳದಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡರು. ಮುಲಾಮಿನಿಂದ ಯಾರಿಗೂ ಕೇಡಾಗಿರಲಿಲ್ಲ. ಚಾಮುಂಡಮ್ಮನ ಪಾದವಂತೂ ಚೆನ್ನಾಗಿ ಮಾಯ್ದಿತ್ತು. "ಕೇಳಿದ್ರೆ ಊಂ ಅಂತಿದ್ದೆ ಕಣವ್ವ. ಕೇಳ್ನಿಲ್ವಲ್ಲ," ಎಂದರು ಆಕೆ.

ಎರಡು ತಿಂಗಳು ಶಿವರಂಜನಿ ಮರಿತಾಯಮ್ಮನವರೊಂದಿಗೆ ಕೆಲಸಕ್ಕೆ ಬೇಕಾದ ಮಾತು ಬಿಟ್ಟು ಬೇರೆ ಆಡಲಿಲ್ಲ. ಆಮೇಲೊಂದು ದಿನ ಒಪ್ಪಿಗೆ ಪತ್ರದ ಹಾಳೆ ತಂದು ಮುಂದಿಟ್ಟು, "ಇದನ್ನ ನಿಮ್ಮ ಮಾತಲ್ಲಿ ಹೇಳಿ, ನಾನು ಬರ್ಕೋತೀನಿ," ಎಂದರು. ಇದರಲ್ಲೂ ಏನಾದರೂ ಇದೆಯೇ ಎಂದು ಯೋಚಿಸುತ್ತಲೇ ಮರಿತಾಯಮ್ಮ ಹೇಳಿದರು. ಬರೆದಾದ ಮೇಲೆ ಎರಡು ಸಲ ಓದಿಸಿ ಕೇಳಿದರು.

ಒಂದು ವರ್ಷ ತಡವಾಗಿ ಕೆಲಸ ಮತ್ತೆ ಶುರುವಾಯಿತು. ಈಗ ತಿ. ನರಸೀಪುರದ ಕೇಂದ್ರಕ್ಕೆ ಮರಿತಾಯಮ್ಮ ರಜೆ ಸಿಕ್ಕಾಗಲೆಲ್ಲ ಹೋಗುತ್ತಾರೆ, ಬರುವ ದಿನ ಯಾರಿಗೂ ಹೇಳುವುದಿಲ್ಲ. ಕಳೆದ ತಿಂಗಳು ಕೋಮಲ ಎಂಬ ಹುಡುಗಿ ಕುಕ್ಕರಿನ ಹಬೆಗೆ ಕೈ ಸುಟ್ಟುಕೊಂಡು ಬಂದಿದ್ದಳು. ಅಮೃತೇಶ್ ಕಾಗದವನ್ನು ನಿಧಾನವಾಗಿ ಓದಿ ಹೇಳಿದ. ಅವಳು ಯೋಚಿಸಿ, "ನಂಗೆ ಹಳೆ ಔಷ್ದೀನೇ ಸಾಕು," ಎಂದಳು. ಅವನು ತಲೆಯಾಡಿಸಿ ಹತ್ತಿ, ಬಟ್ಟೆ ತೆಗೆದುಕೊಂಡ.

ಬಸ್ಸಿಗೆ ಹೊತ್ತಾಗಿತ್ತು. ಆದರೂ ಪಟ್ಟಿ ಪೂರ್ತಿ ಕಟ್ಟುವವರೆಗೆ ಮರಿತಾಯಮ್ಮ ಬೆಂಚಿನಿಂದ ಏಳಲಿಲ್ಲ.